ಹಿಮ್ಮಡಿಯ ಬಿಲ್ಲೆ

ಚಿಕ್ಕಮ್ಮನ ಸಿಟ್ಟು ಇಡೀ ಬೀದಿಗೆ ಗೊತ್ತಿದ್ದ ಸಂಗತಿ. ಅದು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ದೂರದವರು ಹೇಳುತ್ತಿದ್ದರು. ಹತ್ತಿರದಿಂದ ಬಲ್ಲವರು ಮಾತ್ರ, ಇಲ್ಲ, ಸಿಟ್ಟು ಎರಡು ಹೆಜ್ಜೆ ಮುಂದೆ ನಡೆಯುತ್ತದೆ, ಅವಳು ಆಮೇಲೆ ಬರುತ್ತಾಳೆ ಎನ್ನುತ್ತಿದ್ದರು. ಅವಳು ಸ್ವಂತ ಚಿಕ್ಕಮ್ಮನಾಗಿದ್ದದ್ದು ಗಿಣಿಯೊಬ್ಬಳಿಗೆ. ಗಿಣಿ ಅವಳ ಅಕ್ಕನ ಮಗಳು, ಬಾಯಿ ಮುಚ್ಚಿ ಕೂತದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಆ ಹೆಸರು. ಆ ಹುಡುಗಿ ಕಾರ್ಖಾನೆಗೆ ಬಂದ ದಿನದಿಂದ ಚಿಕ್ಕಮ್ಮ ಚಿಕ್ಕಮ್ಮ ಎಂದು ಕೂಗಿ ಕೂಗಿ, ಅವಳಿಗಿಂತ ಇಪ್ಪತ್ತು ವರ್ಷ ಹಿರಿಯನಾದ, ಅಲ್ಲಿ ದಾರಕ್ಕೆ ಮೇಣ ತಿಕ್ಕುವ ದಾರದಜ್ಜನ ಬಾಯಲ್ಲೂ ಅದೇ ಕೂತುಬಿಟ್ಟಿತ್ತು.

ಕಾರ್ಖಾನೆ ಅನ್ನುವುದು ಸ್ವಲ್ಪ ದೊಡ್ಡ ಮಾತು. ಆಸ್ಪತ್ರೆಯ ಹಿಂದಿನ ಗೋಡೆಗೆ ಒರಗಿಕೊಂಡ ಒಂದು ತಗಡಿನ ಶೆಡ್ಡು, ಮೊದಲು ಹಳೇ ಟೈರು ಪೇರಿಸಿಡುತ್ತಿದ್ದ ಜಾಗ. ಕೆಲಸಕ್ಕೆ ಏಳು ಜನ. ಅವರಲ್ಲಿ ಗಿಣಿಯನ್ನು ಬಿಟ್ಟು ಮಿಕ್ಕ ಆರು ಮಂದಿಯ ಅಂಗಾಲಿಗೆ ಸ್ಪರ್ಶವಿಲ್ಲ. ಕುಷ್ಠ ಮಾತ್ರೆಗೆ ಹೋಗಿ ಎಷ್ಟೋ ವರ್ಷವಾಯಿತು, ಸತ್ತ ನರ ಮಾತ್ರ ತಿರುಗಿ ಬರಲಿಲ್ಲ. ಕೆಂಡ ತುಳಿದರೂ ಗೊತ್ತಾಗದು, ಗಾಜು ಹೊಕ್ಕರೂ ಗೊತ್ತಾಗದು. ನೋವಿಲ್ಲದ ಕಾಲು ಎಂದರೆ ಪುಣ್ಯ ಎಂದುಕೊಳ್ಳುವವರು ಒಂದು ವಾರ ಅಂಥ ಕಾಲಿನ ಮೇಲೆ ನಿಂತು ನೋಡಬೇಕು. ಗಾಯ ಸದ್ದಿಲ್ಲದೆ ಆಗುತ್ತದೆ, ಸದ್ದಿಲ್ಲದೆ ಕೊಳೆಯುತ್ತದೆ. ಆಮೇಲೆ ಗೋಡೆಯ ಆಚೆ ಬದಿಯಲ್ಲಿ ಮೊದಲು ಬೆರಳು ಕತ್ತರಿಸುತ್ತಾರೆ, ಮುಂದಿನ ವರ್ಷ ಪಾದ, ಅದರ ಮುಂದಿನ ವರ್ಷ ಮಂಡಿಯವರೆಗೆ.

ಅಂಥ ಕಾಲುಗಳಿಗೆಂದೇ ಇವರು ಚಪ್ಪಲಿ ಮಾಡುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರೂ ಬಂದು ಒಯ್ಯುತ್ತಿದ್ದರು. ಹಾಗೆ ನೋಡಿದರೆ ಇದೆಲ್ಲ ಚಿಕ್ಕಮ್ಮನ ಗಂಡನ ತಲೆಯಿಂದ ಬಂದದ್ದು. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಕೆಳಗೆ ಹಳೇ ಟೈರಿನ ಅಟ್ಟೆ, ಮೇಲೆ ಬೆರಳು ದಪ್ಪದ ಮೆತ್ತನೆ ರಬ್ಬರು, ನಡುವೆ ಅಂಟು, ಪಟ್ಟಿಗೆ ಮೇಣ ತಿಕ್ಕಿದ ದಾರದ ಹೊಲಿಗೆ. ಮೊಳೆ ಇಲ್ಲ, ಪಿನ್ನು ಇಲ್ಲ, ಬಕಲ್ಲು ಇಲ್ಲ. ಲೋಹದ ಚೂರೂ ಈ ಬಾಗಿಲು ದಾಟಿ ಚಪ್ಪಲಿಯೊಳಗೆ ಹೋಗಕೂಡದು. ಹಳೇ ಸ್ಪೀಕರಿನ ಆಯಸ್ಕಾಂತವೊಂದನ್ನು ಹಗ್ಗಕ್ಕೆ ಕಟ್ಟಿ ತೂಗುಹಾಕಿದ್ದರು. ಸಂಜೆಯಾದರೆ ದಾರದಜ್ಜ ಅದನ್ನು ನೆಲದ ಮೇಲೆಲ್ಲ ಎಳೆದಾಡುತ್ತಿದ್ದ, ಮುಗಿದ ಪ್ರತಿ ಜೋಡಿಯ ಮೇಲೂ ಆಡಿಸುತ್ತಿದ್ದ.

ಇನ್ನೆರಡು ಕಟ್ಟಳೆ ಇದ್ದವು. ಕೂತು ಎದ್ದಾಗೆಲ್ಲ ಚಪ್ಪಲಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿ ಕೊಡವಿಯೇ ಕಾಲಿಗೆ ಹಾಕಬೇಕು. ಕೆಲಸ ಮುಗಿದ ಮೇಲೆ ಜೋಡಿಜೋಡಿಯಾಗಿ ಕೂತು ಒಬ್ಬರ ಅಂಗಾಲು ಇನ್ನೊಬ್ಬರು ನೋಡಬೇಕು. ತೊಡೆಯ ಮೇಲೆ ಕಾಲಿಟ್ಟು, ಬೆಳಕಿಗೆ ತಿರುಗಿಸಿ, ಬೆರಳ ಸಂದಿಯೂ ಬಿಡದೆ ನೋಡಬೇಕು. ಮೇಸ್ತ್ರಿಯ ಕಾಲು ಚಿಕ್ಕಮ್ಮನಿಗೆ, ಚಿಕ್ಕಮ್ಮನ ಕಾಲು ಮೇಸ್ತ್ರಿಗೆ. ಗಂಡ ಹೆಂಡತಿ ಹಗಲೆಲ್ಲ ಕಿತ್ತಾಡಿರಲಿ, ಆ ಹೊತ್ತಿಗೆ ಇಬ್ಬರೂ ತೆಪ್ಪಗಾಗುತ್ತಿದ್ದರು. ಇಷ್ಟರಿಂದಲೇ ನಾಲ್ಕು ವರ್ಷದಲ್ಲಿ ಇವರ ಚಪ್ಪಲಿ ಮೆಟ್ಟಿದ ಒಂದು ಕಾಲನ್ನೂ ಗೋಡೆಯಾಚೆ ಕತ್ತರಿಸಿರಲಿಲ್ಲ. ಆಸ್ಪತ್ರೆಯ ಡಾಕ್ಟರಮ್ಮನೇ ಒಮ್ಮೆ ಶೆಡ್ಡಿಗೆ ಬಂದು, ನಿಮ್ಮಿಂದಾಗಿ ನನ್ನ ಗರಗಸಕ್ಕೆ ತುಕ್ಕು ಹಿಡಿದಿದೆ ಎಂದು ನಕ್ಕು ಹೋಗಿದ್ದಳು. ಚಿಕ್ಕಮ್ಮ ಆ ಮಾತನ್ನು ಒಡವೆಯಂತೆ ಕಾಪಾಡಿಕೊಂಡಿದ್ದಳು.

ಇಂಥಲ್ಲಿಗೆ ದಾನದ ಹಣದಿಂದ ನಡೆಯುವ ಸಂಸ್ಥೆಯೊಂದರ ಸಾಹೇಬರು ಬಂದರು. ಹೊಸಬರೇನಲ್ಲ, ಮೆತ್ತನೆ ರಬ್ಬರಿನ ಹಾಳೆ ಬರುತ್ತಿದ್ದದ್ದು ಅವರ ಸಂಸ್ಥೆಯ ಮೂಲಕವೇ. ಆ ರಬ್ಬರು ಪೇಟೆಯಲ್ಲಿ ಸಿಗುವಂಥದ್ದಲ್ಲ. ಸಾಹೇಬರ ಕೈಯಲ್ಲಿ ಸದಾ ಒಂದು ಪೆನ್ನು, ಮಾತಾಡುವಾಗ ಅದರ ತಲೆ ಒತ್ತುತ್ತ ಟಿಕ್ ಟಿಕ್ ಅನ್ನಿಸುತ್ತಿದ್ದರು. ಈ ಸಲ ನೂರೈವತ್ತು ಜೋಡಿ ಬೇಕೆಂದರು. ಸುತ್ತಲಿನ ಹಳ್ಳಿಗಳಿಂದ ನೂರೈವತ್ತು ಜನರನ್ನು ಕರೆಸಿ, ಒಂದೇ ದಿನ ಎಲ್ಲರಿಗೂ ಹಂಚುವುದು. ಆಮೇಲೆ ವರ್ಷವಿಡೀ ರಬ್ಬರಿಗೆ ತೊಂದರೆಯಿಲ್ಲ ಎಂದರು. ಮೇಸ್ತ್ರಿಯ ಮುಖ ಅರಳಿತು. ಸಾಹೇಬರು ಆಗ ಚೀಲದಿಂದ ಒಂದು ರಟ್ಟಿನ ಡಬ್ಬಿ ತೆಗೆದು ನೆಲದ ಮೇಲಿಟ್ಟರು.

ಡಬ್ಬಿ ತುಂಬ ಹಿತ್ತಾಳೆಯ ಬಿಲ್ಲೆಗಳು. ಅಂಗಿಯ ಗುಂಡಿಗಿಂತ ಚೂರು ದೊಡ್ಡವು, ಮೇಲೆ ನಗುವ ಸೂರ್ಯ, ಸುತ್ತ ಸಂಸ್ಥೆಯ ಹೆಸರು, ಹಿಂದೆ ಎರಡು ಮೊನೆ.

"ಹಿಮ್ಮಡಿ ಇಡೋ ಜಾಗದಲ್ಲಿ ಒಂದೊಂದು ಕೂರಿಸಿಬಿಡಿ," ಎಂದರು ಸಾಹೇಬರು. "ಮೊನೆ ಕೆಳಗೆ ಹೋಗತ್ತೆ, ರಬ್ಬರಿನೊಳಗೆ ಮಡಚಿಕೊಳ್ಳತ್ತೆ. ಮೇಲೆ ನುಣ್ಣಗಿರತ್ತೆ."

"ಯಾಕೆ ಸಾರ್?" ಎಂದಳು ಚಿಕ್ಕಮ್ಮ.

"ದಾನ ಕೊಟ್ಟವರಿಗೆ ತಾವು ಕೊಟ್ಟಿದ್ದು ಕಾಣಬೇಕಲ್ಲಮ್ಮ. ಫೋಟೋದಲ್ಲಿ ಹೊಳೀಬೇಕು."

"ಹಿಮ್ಮಡಿ ಕೆಳಗೆ ಹೋದದ್ದು ಫೋಟೋದಲ್ಲಿ ಹೇಗೆ ಹೊಳೆಯತ್ತೆ?"

"ಕೈಗೆ ಕೊಡುವಾಗ ತೆಗೀತೀವಿ. ಕಾಲಿಗೆ ಹಾಕ್ಕೊಂಡ ಮೇಲಲ್ಲ."

ಚಿಕ್ಕಮ್ಮನ ಸಿಟ್ಟು ಅಲ್ಲಿಗಾಗಲೇ ಎದ್ದು ಬಾಗಿಲವರೆಗೆ ಹೋಗಿ ನಿಂತಿತ್ತು. ಆದರೂ ರಬ್ಬರಿನ ನೆನಪಾಗಿ ನಾಲಗೆ ಹಿಡಿದುಕೊಂಡಳು. "ಸಾರ್, ಬಣ್ಣದಲ್ಲಿ ಬರೆದುಕೊಡ್ತೀವಿ. ಇಲ್ಲಾ, ರಬ್ಬರಿನ ಮೇಲೆ ಬಿಸಿ ಅಚ್ಚು ಹಾಕ್ತೀವಿ. ಲೋಹ ಬೇಡ. ಮೆತ್ತನೆ ರಬ್ಬರು ಒಂದು ವಾರ ತುಳಿದ್ರೆ ಕೂತುಬಿಡತ್ತೆ. ನಿಮ್ಮ ಬಿಲ್ಲೆ ಕೂರಲ್ಲ. ಕೆಳಗಿನ ಟೈರು ಅದನ್ನ ಮೇಲಕ್ಕೆ ತಳ್ಳತ್ತೆ, ಅಂಚು ಎದ್ದು ನಿಲ್ಲತ್ತೆ."

"ಬಣ್ಣ ಅಳಿಸಿಹೋಗತ್ತೆ. ಅದೂ ಅಲ್ಲದೆ, ಬಿಲ್ಲೆ ಆಗಲೇ ಮಾಡಿಸಿ ಆಯ್ತಲ್ಲ," ಎಂದರು ಸಾಹೇಬರು, ಅದಕ್ಕಿಂತ ದೊಡ್ಡ ಕಾರಣ ಲೋಕದಲ್ಲೇ ಇಲ್ಲ ಎಂಬಂತೆ. ಆಮೇಲೆ ಎದ್ದು, ತೂಗುಹಾಕಿದ್ದ ಆಯಸ್ಕಾಂತವನ್ನು ಎಳೆದು ಡಬ್ಬಿಯ ಮೇಲೆ ಆಡಿಸಿದರು. ಒಂದು ಬಿಲ್ಲೆಯೂ ಅಲುಗಲಿಲ್ಲ. "ನೋಡಿ, ನಿಮ್ಮ ಆಯಸ್ಕಾಂತವೇ ಪಾಸು ಮಾಡಿತು."

"ಹಿತ್ತಾಳೆ ಆಯಸ್ಕಾಂತಕ್ಕೆ ಹಿಡಿಯಲ್ಲ ಸಾರ್. ಕಾಲಿಗೆ ಹಿಡಿಯತ್ತೆ."

ದಾರದಜ್ಜ ಕಿಸಕ್ಕೆಂದು ನಕ್ಕ. ಸಾಹೇಬರು ನಗಲಿಲ್ಲ, ಪೆನ್ನು ಮಾತ್ರ ಟಿಕ್ ಎಂದಿತು. ಆಗ ಮೇಸ್ತ್ರಿ ಬಾಯಿ ಹಾಕಿದ. "ಸುಮ್ನೆ ವಾದ ಯಾಕೆ? ಒಂದು ಜೋಡಿಗೆ ಕೂರಿಸಿ ನಾನೇ ಹಾಕ್ಕೊಂಡು ನೋಡ್ತೀನಿ. ನಾಳೆ ಹೇಳ್ತೀನಿ ಸಾರ್."

ಮಾರನೆಯ ದಿನ ಮೇಸ್ತ್ರಿ ಆ ಜೋಡಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಹೋಗಿಬಂದ, ಅಂಟಿನ ಅಂಗಡಿಗೆ ಹೋಗಿಬಂದ, ಬೇಕೆಂದೇ ಆಸ್ಪತ್ರೆಯ ಸುತ್ತ ಮೂರು ಸುತ್ತು ಹಾಕಿದ. ಸಂಜೆ ಮತ್ತೆ ಬಂದಿದ್ದ ಸಾಹೇಬರ ಎದುರು ನಿಂತು, "ಬೆಳಗ್ಗಿನಿಂದ ಹಾಕ್ಕೊಂಡಿದೀನಿ ಸಾರ್. ಏನೂ ಚುಚ್ಚಲಿಲ್ಲ," ಎಂದ. ಎಲ್ಲರೂ ಹೌದೌದು ಎಂದು ತಲೆಯಾಡಿಸಿದರು. ದಾರದಜ್ಜನೂ ಆಡಿಸಿದ. ಮೂರು ಹೊತ್ತೂ ಅಂಗಾಲಿನದೇ ಮಾತಾಡುವ ಜನ, ಆ ಒಂದು ಗಳಿಗೆ ಎಲ್ಲ ಮರೆತು ತಲೆಯಾಡಿಸಿಬಿಟ್ಟರು.

ಚಿಕ್ಕಮ್ಮ ತಲೆಯಾಡಿಸಲಿಲ್ಲ. "ಚುಚ್ಚಿದ್ರೆ ನಿಮಗೆ ಗೊತ್ತಾಗತ್ತೇನ್ರೀ?" ಎಂದಳು. "ಆ ಕಾಲಿಗೆ ಸಲಾಕೆ ಹೊಡೆದ್ರೂ ನೀವು ಏನೂ ಆಗಲಿಲ್ಲ ಅಂತಲೇ ಹೇಳ್ತೀರಿ."

ಮಾತು ಸರಿಯೇ. ಆಡಿದ ಜಾಗ ಸರಿಯಿರಲಿಲ್ಲ. ಹೊರಗಿನವರೊಬ್ಬರು ಬೂಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿರುವಾಗ, ಕಟ್ಟಿಕೊಂಡ ಹೆಂಡತಿಯೇ ತನ್ನ ಸತ್ತ ಕಾಲನ್ನು ಎತ್ತಿ ಆಡಿದಳಲ್ಲ ಎಂದು ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಸಾಹೇಬರನ್ನು ಗಾಡಿಯವರೆಗೆ ಬಿಟ್ಟು ಬಂದ. ಅಂಗಾಲು ನೋಡುವ ಹೊತ್ತಿಗೆ ಚಿಕ್ಕಮ್ಮ ಅವನ ಕಾಲನ್ನು ತೊಡೆಯ ಮೇಲೆಳೆದುಕೊಂಡಳು. ಗಾಯವಿರಲಿಲ್ಲ. ಬಲ ಹಿಮ್ಮಡಿಯ ನಡುವೆ ಬಳೆಯ ತುಂಡಿನ ಹಾಗೆ ಒಂದು ನಸುಗೆಂಪು ಗೆರೆ ಇತ್ತು.

"ಕೆಂಪಾಗಿದೆ."

"ಸೆಕೆಗೆ ಆಗಿರಬೇಕು."

"ಸೆಕೆ ಗುಂಡಗೆ ಇರತ್ತಾ? ನಾಳೆಯಿಂದ ಈ ಜೋಡಿ ಹಾಕಬೇಡಿ. ಸಾಹೇಬ್ರಿಗೆ ಆಗಲ್ಲ ಅಂತ ಹೇಳಿ."

ಮೇಸ್ತ್ರಿ ಕಾಲು ಕಿತ್ತುಕೊಂಡ. "ರಬ್ಬರು ನಿಂತ್ರೆ ಏನು ಮಾಡ್ತೀಯ? ನೂರೈವತ್ತು ಜನ ಬರಿಗಾಲಲ್ಲಿ ಕಾಯ್ತಿದಾರೆ. ಅವರಿಗೆ ನಿನ್ನ ಬಾಯಿ ಹೊಲಿದುಕೊಡ್ಲಾ? ಈ ಜೋಡಿ ನಾನು ದಿನಾ ಹಾಕ್ತೀನಿ. ನನ್ನ ಸತ್ತ ಕಾಲನ್ನ ನೀನು ನೋಡೋದೂ ಬೇಡ."

"ನೋಡಲ್ಲ," ಎಂದಳು ಚಿಕ್ಕಮ್ಮ, ಕಡ್ಡಿ ತುಂಡಾದಂತೆ.

ನೋಡಲಿಲ್ಲ. ಎಂಟು ದಿನ ಒಂದೇ ಒಲೆ, ಒಂದೇ ಚಾಪೆ, ಒಂದೇ ಶೆಡ್ಡು, ಮಾತು ಮಾತ್ರ ಗಿಣಿಯ ಬಾಯಿಂದ ಹಾಯಬೇಕಿತ್ತು. ನಿಮ್ಮ ಚಿಕ್ಕಪ್ಪನಿಗೆ ಹೇಳು, ನಿಮ್ಮ ಚಿಕ್ಕಮ್ಮನಿಗೆ ಹೇಳು. ಇಬ್ಬರ ನಡುವೆ ಓಡಾಡಿ ಗಿಣಿಯಂಥ ಗಿಣಿಗೂ ಗಂಟಲು ಕಟ್ಟಿತು. ಸಂಜೆ ಉಳಿದವರು ಜೋಡಿ ಕೂತಾಗ ಚಿಕ್ಕಮ್ಮ ಮೂಲೆಯಲ್ಲಿ ಕೈಗನ್ನಡಿ ಹಿಡಿದು ತನ್ನ ಅಂಗಾಲು ತಾನೇ ನೋಡಿಕೊಳ್ಳುತ್ತಿದ್ದಳು. ಮೇಸ್ತ್ರಿಯೂ ಹಟಕ್ಕೆ ಒಂದು ಕನ್ನಡಿ ತಂದುಕೊಂಡಿದ್ದ. ಅವನ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಕನ್ನಡಿಯಲ್ಲಿ ಅವನಿಗೆ ಕಾಣುತ್ತಿದ್ದದ್ದು ಒಂದು ಕಂದು ಮಸುಕಷ್ಟೇ. ಚಿಕ್ಕಮ್ಮನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕತ್ತು ತಿರುಗಿಸಲಿಲ್ಲ. ಕರೆಯಲಿ, ಆಮೇಲೆ ನೋಡೋಣ ಎಂದು ಹಲ್ಲು ಕಚ್ಚಿ ಕೂತಳು. ಆ ಎಂಟು ಸಂಜೆಗಳ ಮಟ್ಟಿಗೆ ಅವಳನ್ನು ಕ್ಷಮಿಸಬೇಕೆಂದು ಯಾರೂ ಕೇಳುತ್ತಿಲ್ಲ, ಅವಳಂತೂ ಕೇಳುವವಳಲ್ಲ.

ಚಪ್ಪಲಿ ತಯಾರಾಗುತ್ತ ಹೋದವು. ಚಿಕ್ಕಮ್ಮ ರಬ್ಬರು ಕತ್ತರಿಸಿದಳು, ಅಜ್ಜ ದಾರಕ್ಕೆ ಮೇಣ ತಿಕ್ಕಿದ, ಇನ್ನಿಬ್ಬರು ಹೊಲಿದರು. ಬಿಲ್ಲೆ ಕೂರಿಸುವ ಕೆಲಸ ಮಾತ್ರ ಮೇಸ್ತ್ರಿ ಯಾರಿಗೂ ಬಿಡಲಿಲ್ಲ. ಸುತ್ತಿಗೆಯಿಂದ ಅವನು ಒಂದೊಂದೇ ಬಿಲ್ಲೆ ತಟ್ಟುವಾಗ ಚಿಕ್ಕಮ್ಮ ಚಾಕುವನ್ನು ರಬ್ಬರಿಗೆ ಇನ್ನಷ್ಟು ಒತ್ತಿ ಎಳೆಯುತ್ತಿದ್ದಳು. ಸಾಹೇಬರ ಮೇಲಿನ ಸಿಟ್ಟನ್ನೆಲ್ಲ ಅವಳು ಗಂಡನ ಬೆನ್ನಿನ ಮೇಲೆ ನೆಟ್ಟು ಕೂತಿದ್ದಳು. ದೂರದ ಸಾಹೇಬರಿಗಿಂತ ಎದುರಿಗೇ ಇದ್ದ ಬೆನ್ನು ಸುಲಭಕ್ಕೆ ಸಿಗುತ್ತಿತ್ತು.

ಹಂಚುವ ದಿನಕ್ಕೆ ಒಂದೇ ದಿನ ಉಳಿದಿತ್ತು. ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದ ಗಳಿಗೆಯಿಂದ ದಾರದಜ್ಜ ಮೂಗು ಮುರಿಯುತ್ತಿದ್ದ. "ಎಲ್ಲೋ ಇಲಿ ಸತ್ತಿದೆ ಕಣಮ್ಮ," ಎಂದು ಗಿಣಿಯನ್ನು ಎಬ್ಬಿಸಿದ. ಗಿಣಿ ರಬ್ಬರಿನ ಹಾಳೆ ಸರಿಸಿದಳು, ಟೈರಿನ ರಾಶಿ ಸರಿಸಿದಳು, ಅಂಟಿನ ಡಬ್ಬಗಳನ್ನು ಹೊರಗಿಟ್ಟಳು. ಇಲಿ ಸಿಗಲಿಲ್ಲ. "ಜಾಣ ಇಲಿ, ನಮ್ಮ ಕೈಗೆ ಸಿಗಬಾರದು ಅಂತಲೇ ಸತ್ತಿದೆ," ಎಂದ ಅಜ್ಜ. ಎಲ್ಲರೂ ನಕ್ಕರು.

ಚಿಕ್ಕಮ್ಮನ ಕೈಯಲ್ಲಿದ್ದ ಚಾಕು ನಿಂತಿತು. ಇಲಿ ಸತ್ತ ವಾಸನೆ ಬೇರೆ. ಇದು ಅವಳು ಬಲ್ಲ ವಾಸನೆ. ಅವಳ ಅಮ್ಮನ ಕಾಲಿನಿಂದ ಬರುತ್ತಿದ್ದದ್ದು, ಕಾರ್ಖಾನೆ ಹುಟ್ಟುವ ಮೊದಲು ಈ ಬೀದಿಯ ಅರ್ಧ ಮನೆಗಳಿಂದ ಬರುತ್ತಿದ್ದದ್ದು. ಅವಳು ಎದ್ದು ಹೋಗಿ ಮೇಸ್ತ್ರಿಯ ಬಲಗಾಲನ್ನು ಹಿಡಿದೆಳೆದಳು. ಕೂತಿದ್ದವನು ಹಿಂದಕ್ಕೆ ವಾಲಿದ. "ಏನೇ ಇದು, ಎಲ್ಲರ ಮುಂದೆ," ಎಂದು ಎಂಟು ದಿನದಲ್ಲಿ ಮೊದಲ ಸಲ ನೇರ ಮಾತಾಡಿದ. ಅವಳು ಚಪ್ಪಲಿ ಕಳಚಿದಳು. ಬಿಲ್ಲೆಯ ಒಂದು ಅಂಚು ಎದ್ದು ನಿಂತಿತ್ತು, ಅವಳು ಹೇಳಿದ ಹಾಗೇ, ಹೇಳಿದಷ್ಟೇ. ಹಿಮ್ಮಡಿಯಲ್ಲಿ ಗುಂಡಗೆ ಒಂದು ಹೊಂಡ, ಅದರ ಅಂಚು ಬೆಳ್ಳಗೆ, ಒಳಗೆ ಕಪ್ಪು. ಯಾರೂ ನಗುತ್ತಿರಲಿಲ್ಲ.

"ಅಷ್ಟಿದೆಯಾ?" ಎಂದು ಮೇಸ್ತ್ರಿ ಮೆಲ್ಲಗೆ ಕೇಳಿದ. ಅವನಿಗೆ ಕಾಣುತ್ತಿರಲಿಲ್ಲ, ಗೊತ್ತೂ ಆಗುತ್ತಿರಲಿಲ್ಲ. ಅವಳ ಮುಖ ನೋಡಿಯೇ ತಿಳಿದುಕೊಳ್ಳಬೇಕಿತ್ತು.

ಗೋಡೆಯಾಚೆ ಡಾಕ್ಟರಮ್ಮ ಗಾಯದೊಳಗೆ ಕಡ್ಡಿ ಇಳಿಸಿ ನೋಡಿದಳು. ಕಡ್ಡಿ ಗಟ್ಟಿ ಏನಕ್ಕೋ ತಾಗಿ ಟಕ್ ಎಂದಿತು. "ಮೂಳೆಗೆ ಇಳಿದಿದೆ," ಎಂದಳು. "ಕೀವು ತೆಗೆದು ನಾಲ್ಕೈದು ದಿನ ನೋಡ್ತೀವಿ. ನಿಂತರೆ ಸರಿ. ನಿಲ್ಲಲಿಲ್ಲ ಅಂದ್ರೆ ಪಾದ ಉಳಿಯಲ್ಲ." ಆಮೇಲೆ ತಲೆಯೆತ್ತಿ ಚಿಕ್ಕಮ್ಮನನ್ನು ಕೇಳಿದಳು. "ನೀವು ದಿನಾ ನೋಡ್ತಿದ್ರಲ್ಲ?"

ಚಿಕ್ಕಮ್ಮನಿಗೆ ಡಾಕ್ಟರಮ್ಮನ ಮೇಲೂ ಸಿಟ್ಟು ಬಂತು, ಕೇಳಿದ್ದಕ್ಕೆ. ನೆಲದ ಮೇಲೆ, ಗೋಡೆಯ ಮೇಲೆ, ಗಂಡನ ಎಲುಬು ಕಾಣುವ ಭುಜದ ಮೇಲೆ, ಎಲ್ಲದರ ಮೇಲೂ ಬಂತು. ಕೊನೆಗೆ ತನ್ನ ಮೇಲೆ ಬಂದು ಕೂತದ್ದು ಎಬ್ಬಿಸಿದರೂ ಏಳಲಿಲ್ಲ.

ಮಾರನೆಯ ದಿನ ಬೆಳಕು ಹರಿಯುತ್ತಲೇ ಅವಳು ಎಲ್ಲರನ್ನೂ ಕರೆಸಿದಳು. ಗೋಡೆಗೆ ಒರಗಿಸಿ ಜೋಡಿಸಿದ್ದ ಚಪ್ಪಲಿಗಳನ್ನು ಚಾಪೆಯ ಮೇಲೆ ಸುರಿದಳು. ತನ್ನ ಚಪ್ಪಲಿ ಕಳಚಿ ಚಾಪೆಯ ಅಂಚಿಗಿಟ್ಟು, ಇಕ್ಕಳ ಹಿಡಿದು ಕೂತಳು.

"ಒಂದೂ ಬಿಡಬೇಡಿ. ಎಲ್ಲ ಕಿತ್ತುಹಾಕಿ. ತೂತಿಗೆ ಅಂಟು ತುಂಬಿ ರಬ್ಬರಿನ ಚೂರು ಮುಚ್ಚಿ."

"ಚಿಕ್ಕಮ್ಮ, ಸಾಹೇಬ್ರು ರಬ್ಬರು ನಿಲ್ಲಿಸಿಬಿಡ್ತಾರೆ," ಎಂದಳು ಗಿಣಿ.

"ನಿಲ್ಲಿಸಲಿ."

"ಆಮೇಲೆ ನಾವು ಏನು ಮಾಡೋದು?"

"ಆಮೇಲಿಂದು ಆಮೇಲೆ. ಇವತ್ತು ನೂರೈವತ್ತು ಕಾಲಿಗೆ ನಾನು ವಿಷ ಹಂಚಲ್ಲ." ಕಾಲು ನೂರೈವತ್ತಲ್ಲ, ಮುನ್ನೂರು ಎಂದು ಗಿಣಿಗೆ ಬಾಯಿಗೆ ಬಂದಿತ್ತು. ಅಪರೂಪಕ್ಕೆ ಬಾಯಿ ಮುಚ್ಚಿಕೊಂಡು ಇಕ್ಕಳ ಹುಡುಕಲು ಹೋದಳು.

ಚಿಕ್ಕಮ್ಮ ಮೊದಲು ಮೇಸ್ತ್ರಿಯ ಜೋಡಿ ತೆಗೆದುಕೊಂಡಳು. ಅದೊಂದೇ ಜೋಡಿಯನ್ನು ಬೈಯದೆ ಕಿತ್ತಳು. ಉಳಿದ ಒಂದೊಂದಕ್ಕೂ ಒಂದೊಂದು ಬೈಗುಳ. ನಗುವ ಸೂರ್ಯನ ಹುಟ್ಟನ್ನು ಅಡಗಿಸಿದಳು, ಅದನ್ನು ಬಿಡಿಸಿದವನನ್ನು, ಅಚ್ಚು ಹಾಕಿದವನನ್ನು, ಹೊಳೆಯಬೇಕೆಂದವರನ್ನು ಸಾಲಾಗಿ ನಿಲ್ಲಿಸಿ ಜಾಡಿಸಿದಳು. ಇಕ್ಕಳಕ್ಕೆ ಸಿಕ್ಕ ಬಿಲ್ಲೆ ಚಟ್ಟೆಂದು ಕಿತ್ತು ಬರುತ್ತಿತ್ತು. ಕೆಲವು ಬಕೆಟ್ಟಿಗೆ ಬಿದ್ದವು, ಕೆಲವು ತಗಡಿಗೆ ಬಡಿದು ಎಲ್ಲೆಲ್ಲೋ ಚಿಮ್ಮಿದವು. ಅಜ್ಜ ತೆವಳಿಕೊಂಡು ಹೆಕ್ಕಿ ಹೆಕ್ಕಿ ಬಕೆಟ್ಟಿಗೆ ಹಾಕುತ್ತಿದ್ದ.

ಹತ್ತು ಗಂಟೆಗೆ ಸಾಹೇಬರ ಗಾಡಿ ಬಂತು. ಹೊರಗೆ ಆಗಲೇ ಜನ ಸೇರಿದ್ದರು. ಕಾಲಿಗೆ ಗೋಣಿ ಸುತ್ತಿಕೊಂಡವರು, ಕೋಲೂರಿಕೊಂಡವರು, ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಬಂದವರು. ಗಾಡಿಯಿಂದ ಬ್ಯಾನರು ಇಳಿಯಿತು, ಕ್ಯಾಮೆರಾ ಇಳಿಯಿತು. ಸಾಹೇಬರು ನಗುತ್ತ ಒಳಗೆ ಬಂದು, ಚಪ್ಪಲಿಯ ರಾಶಿ ನೋಡಿ, ಒಂದನ್ನು ಎತ್ತಿ ತಿರುಗಿಸಿದರು. ನಗು ನಿಂತಿತು. ಚಿಕ್ಕಮ್ಮ ದಡಕ್ಕನೆ ಎದ್ದು, ಚಪ್ಪಲಿಗೆ ಕಾಲು ತೂರಿಸಿ, ಅವರ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಏನಮ್ಮ ಇದು? ಬಿಲ್ಲೆ ಎಲ್ಲಿ?"

"ಬಕೆಟ್ಟಲ್ಲಿದೆ. ತಗೊಂಡು ಹೋಗಿ."

"ತಲೆ ಸರಿ ಇದೆಯಾ ನಿಮಗೆ? ನಿಮ್ಮ ಮೇಸ್ತ್ರೀನೇ ಹಾಕ್ಕೊಂಡು ನೋಡಿ ಸರಿ ಇದೆ ಅಂದಿದ್ರಲ್ಲ."

"ಗೋಡೆ ಆಚೆ ಮಲಗಿದಾರೆ. ಹೋಗಿ ಇನ್ನೊಂದ್ಸಲ ಕೇಳಿ. ಈಗಲೂ ಚುಚ್ಚಲಿಲ್ಲ ಅಂತಲೇ ಹೇಳ್ತಾರೆ. ಮೂಳೆ ಕೊಳೆತಿದೆ, ಅವರಿಗಿನ್ನೂ ಚುಚ್ಚಿಲ್ಲ. ನಿಮಗೆ ಚುಚ್ಚತ್ತಾ ಸಾರ್? ಕಾಲು ಚೆನ್ನಾಗಿರೋರು ನೀವು. ಒಂದು ದಿನ ನಿಮ್ಮ ಬೂಟಿನೊಳಗೆ ಇದನ್ನ ಇಟ್ಕೊಂಡು ನೋಡಬಹುದಿತ್ತಲ್ಲ. ಇಲ್ಲಿ ನೋವು ಗೊತ್ತಾಗೋ ಕಾಲು ಇದ್ದದ್ದು ಎರಡೇ ಜನಕ್ಕೆ, ನಿಮಗೆ ಮತ್ತೆ ಗಿಣಿಗೆ. ಕೇಳಿದ್ದು ಮಾತ್ರ ಸತ್ತ ಕಾಲಿನವರನ್ನ."

ಮೇಸ್ತ್ರಿಯ ಸುದ್ದಿ ಕೇಳಿ ಸಾಹೇಬರಿಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಬೇಸರ ಕಣ್ಣಿನಿಂದ ಬಾಯಿಗೆ ಬರುವಷ್ಟರಲ್ಲಿ ಹೊರಗಿನ ಬ್ಯಾನರಿನ ನೆನಪಾಯಿತು. "ಅದಕ್ಕೆ ನನಗೂ ಬೇಜಾರಿದೆ," ಎಂದರು. "ಆದ್ರೆ ಬಿಲ್ಲೆ ಇಲ್ಲದೆ ಇದು ನಮ್ಮದು ಅಂತ ನಾನು ಹೇಗೆ ಹಂಚಲಿ? ಮೇಲಿನವರಿಗೆ ಏನು ತೋರಿಸಲಿ?"

"ನೀವು ಹಂಚಬೇಡಿ. ನಾವು ಹಂಚ್ತೀವಿ."

"ಹಾಗಾದ್ರೆ ರಬ್ಬರಿನ ಮಾತು ಮರೆತುಬಿಡಿ." ಸಾಹೇಬರು ಡ್ರೈವರನ್ನು ಕರೆದು ಬಕೆಟ್ಟು ತೋರಿಸಿದರು. "ಅದನ್ನ ಎಣಿಸಿ ಗಾಡಿಗೆ ಹಾಕಪ್ಪ. ಮುನ್ನೂರು ಇರಬೇಕು."

ಡ್ರೈವರು ಕುಕ್ಕರಗಾಲಿನಲ್ಲಿ ಕೂತು ಹತ್ತು ಹತ್ತರ ಗುಡ್ಡೆ ಮಾಡಿದ. ಹೊರಗೆ ನೂರೈವತ್ತು ಜನ ಬಿಸಿಲಿನಲ್ಲಿ ನಿಂತಿದ್ದರು, ಒಳಗೆ ಬಿಲ್ಲೆ ಎಣಿಸುವುದು ನಡೆದಿತ್ತು. ಎರಡು ಸಲ ಎಣಿಸಿ ಅವನು ತಲೆ ಕೆರೆದುಕೊಂಡ. "ಇನ್ನೂರ ತೊಂಬತ್ತೊಂಬತ್ತು ಸಾರ್. ಒಂದು ಕಮ್ಮಿ ಇದೆ."

ದಾರದಜ್ಜ ಪಾಪ, ಸಹಾಯ ಮಾಡಲೆಂದು ಎದ್ದು ಆಯಸ್ಕಾಂತ ಎಳೆದುಕೊಂಡು ನೆಲದ ಮೇಲೆಲ್ಲ ಆಡಿಸತೊಡಗಿದ. "ಅಜ್ಜ, ಅದು ಹಿತ್ತಾಳೆ," ಎಂದಳು ಗಿಣಿ. ಅಜ್ಜ ಪೆಚ್ಚಾಗಿ ನಿಂತ.

"ಹಿತ್ತಾಳೆಗೆ ಈಗ ಒಳ್ಳೆ ಬೆಲೆ ಇದೆ," ಎಂದರು ಸಾಹೇಬರು. ಯಾರನ್ನೂ ನೋಡಿ ಹೇಳಲಿಲ್ಲ, ಗಾಳಿಗೆ ಹೇಳಿದರು.

ಚಿಕ್ಕಮ್ಮನ ಕಿವಿ ಬಿಸಿಯಾಯಿತು. ಅವಳು ಎರಡೂ ಕೈ ಚಾಚಿದಳು. ಎರಡು ಬೆರಳಿಗೆ ತುದಿಯಿರಲಿಲ್ಲ, ಉಳಿದವು ಅಂಟಿನಿಂದ ಕಪ್ಪಾಗಿದ್ದವು. "ಹುಡುಕಿ. ಕೈ ಹುಡುಕಿ, ಸೆರಗು ಹುಡುಕಿ, ಇವರ ಜೇಬೂ ಹುಡುಕಿ. ನಮ್ಮ ಯಜಮಾನರ ಕಾಲು ತಗೊಂಡ್ರಿ, ಅದನ್ನ ಯಾರೂ ಎಣಿಸಲಿಲ್ಲ. ನಿಮ್ಮದು ಒಂದು ಗುಂಡಿ ಹೋಗಿದ್ದಕ್ಕೆ ಎರಡು ಸಲ ಎಣಿಸಿದ್ರಿ."

ಹುಡುಕಲು ಯಾರೂ ಮುಂದೆ ಬರಲಿಲ್ಲ. ಸಾಹೇಬರ ಪೆನ್ನು ಟಿಕ್ ಟಿಕ್ ಎಂದಿತು. ಅವರು ಹೊರಟರು, ಬ್ಯಾನರೂ ಹೊರಟಿತು. ಗಾಡಿ ಮರೆಯಾದ ಮೇಲೆ ಚಿಕ್ಕಮ್ಮ ಬಾಗಿಲು ಪೂರ್ತಿ ತೆಗೆದು, "ಒಬ್ಬೊಬ್ಬರೇ ಬನ್ನಿ, ಕೂತ್ಕೊಳ್ಳಿ," ಎಂದು ಕೂಗಿದಳು. ಮೇಸ್ತ್ರಿಯದನ್ನು ಬಿಟ್ಟು ಉಳಿದ ನೂರನಲವತ್ತೊಂಬತ್ತು ಜೋಡಿಯನ್ನೂ ಹಂಚಲು ಮೂರು ಗಂಟೆ ಹಿಡಿಯಿತು. ಯಾರಿಗೂ ಕೈಗೆ ಕೊಡಲಿಲ್ಲ, ಕಾಲಿಗೇ ಹಾಕಿದರು. ಪ್ರತಿಯೊಬ್ಬರಿಗೂ ಅವಳು ಒಂದೇ ಪಾಠ ಹೇಳಿದಳು. ಎರಡು ಸಲ ಕುಟ್ಟಿ ಕೊಡವಿ ಹಾಕ್ಕೊಳ್ಳಿ. ಸಂಜೆ ಯಾರಿಗಾದ್ರೂ ಅಂಗಾಲು ತೋರಿಸಿ. ಜಗಳ ಆಡಿದ್ರೂ ತೋರಿಸಿ. ಕೊನೆಯವಳು ಒಬ್ಬ ಮುದುಕಿ. ಅವಳ ಪಾಲಿಗೆ ಜೋಡಿಯೇ ಉಳಿದಿರಲಿಲ್ಲ. ಚಿಕ್ಕಮ್ಮ ಅವಳ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದುಕೊಂಡಳು. ರಬ್ಬರು ಎಲ್ಲಿಂದ ತರುವುದೆಂದು ಅವಳಿಗೆ ಗೊತ್ತಿರಲಿಲ್ಲ.

ಆಮೇಲೆ ಆಸ್ಪತ್ರೆಗೆ ನಡೆದಳು. ಗೋಡೆ ಒಂದೇ ಆದರೂ ಬಾಗಿಲು ಆಚೆ ಬೀದಿಯಲ್ಲಿ, ಸುತ್ತಿ ಹೋಗಬೇಕು. ದಾರಿಯುದ್ದಕ್ಕೂ ಒಂದು ಕಮ್ಮಿ, ಒಂದು ಕಮ್ಮಿ ಎಂದು ತಲೆಯೊಳಗೆ ಬಡಿಯುತ್ತಿತ್ತು. ಆ ಮಾತಿಗೆ ತಾಳ ಹಾಕುವಂತೆ ರಪರಪ ಹೆಜ್ಜೆ ಹಾಕಿದಳು.

ಮೇಸ್ತ್ರಿ ಕಿಟಕಿಯ ಪಕ್ಕದ ಮಂಚದಲ್ಲಿದ್ದ. ಕಾಲಿಗೆ ಬಿಳಿ ಬಟ್ಟೆ ಸುತ್ತಿ ದಿಂಬಿನ ಮೇಲೆ ಎತ್ತಿಟ್ಟಿದ್ದರು. ಅವಳು ಸ್ಟೂಲು ಎಳೆದುಕೊಂಡು ಕೂತು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವನು ಕಣ್ಣು ಮುಚ್ಚಿಕೊಂಡು ಕೇಳಿದ.

"ರಬ್ಬರು ಹೋಯ್ತು," ಎಂದ.

"ಹೋಯ್ತು."

"ಇನ್ನೂ ಸಿಟ್ಟಿದೆಯಾ?"

"ಇದೆ. ನಿಮ್ಮ ಮೇಲೂ ಇದೆ. ಕರೆದಿದ್ರೆ ನೋಡ್ತಿದ್ದೆ."

"ಕರೀಬೇಕಿತ್ತು," ಎಂದ ಮೇಸ್ತ್ರಿ. ಆಮೇಲೆ, "ನಿನ್ನ ಮಾತು ನೋಯಿಸಿಬಿಡ್ತು ಕಣೇ," ಎಂದ. ಏನೂ ನೋಯದ ಮನುಷ್ಯನ ಬಾಯಿಂದ ಆ ಮಾತು ಬಂದದ್ದು ಕೇಳಿ ಚಿಕ್ಕಮ್ಮ ಸ್ಟೂಲನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಅಷ್ಟರಲ್ಲಿ ನೆಲ ಒರೆಸುವ ಹೆಂಗಸು ವಾರ್ಡಿನೊಳಗೆ ಬಂದಳು. ಬಗ್ಗಿದ ತಲೆ ಎತ್ತದೆ ಬಟ್ಟೆಯಿಂದ ಉಜ್ಜುತ್ತ ಉಜ್ಜುತ್ತ, ಸಾಲು ಮಂಚಗಳನ್ನು ದಾಟಿ, ಸೀದಾ ಇವರ ಮಂಚದ ಬುಡಕ್ಕೇ ಬಂದು ನಿಂತಳು. "ಯಾರ ಕಾಲಮ್ಮ ಇದು? ಗೇಟಿನಿಂದ ಇಲ್ಲೀವರೆಗೂ ಒರೆಸ್ಕೊಂಡು ಬಂದೆ," ಎಂದು ಗೊಣಗಿದಳು. ಒರೆಸುವ ಬಟ್ಟೆ ಕೆಂಪಾಗಿತ್ತು.

ಗಂಡ ಹೆಂಡತಿ ಇಬ್ಬರೂ ಮೊದಲು ದಿಂಬಿನ ಮೇಲಿನ ಕಾಲು ನೋಡಿದರು. ಬಟ್ಟೆ ಬೆಳ್ಳಗೆ ಒಣಗಿಯೇ ಇತ್ತು. ಆಮೇಲೆ ಇಬ್ಬರೂ ನೆಲ ನೋಡಿದರು.

"ಕಾಲು ತಾ," ಎಂದ ಮೇಸ್ತ್ರಿ.

ಅವಳು ಎಡಗಾಲನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು. ಅವನು ಮೆಲ್ಲಗೆ ಚಪ್ಪಲಿ ಬಿಡಿಸಿ, ಅಂಗಾಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಮಸುಕುಗಣ್ಣನ್ನು ತೀರ ಹತ್ತಿರಕ್ಕೆ ತಂದ. ಬೆಳಗ್ಗೆ ಚಾಪೆಯಿಂದ ಎದ್ದಾಗ ತಾನು ಚಪ್ಪಲಿ ಕುಟ್ಟಿರಲಿಲ್ಲ ಎಂಬುದು ಚಿಕ್ಕಮ್ಮನಿಗೆ ಆಗ ನೆನಪಾಯಿತು.

"ಏನೋ ಹೊಳೀತಿದೆ," ಎಂದ ಅವನು.

ಒಂದು ಕೈಯಲ್ಲಿ ಪಾದ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯ ಉಗುರಿನಿಂದ ಕಿತ್ತ. ಎರಡು ಮೊನೆಯೂ ಬುಡದವರೆಗೆ ಹೊಕ್ಕಿದ್ದವು. ಅವಳಿಗೆ ಏನೂ ಗೊತ್ತಾಗಲಿಲ್ಲ. ಅವನ ಅಂಗೈಯಲ್ಲಿ ಬಿದ್ದಿದ್ದ ಬಿಲ್ಲೆಯನ್ನು ಬಗ್ಗಿ ನೋಡಿದಳು. ರಕ್ತದ ನಡುವೆ ಸೂರ್ಯ ನಗುತ್ತಲೇ ಇದ್ದ, ಸುತ್ತಲಿನ ಹೆಸರು ಸ್ಪಷ್ಟವಾಗಿ ಓದಲು ಬರುತ್ತಿತ್ತು. ಮೇಸ್ತ್ರಿ ಅದನ್ನು ಹೊದಿಕೆಯ ಅಂಚಿಗೆ ಉಜ್ಜಲು ಹೋದ.

"ಒರೆಸಬೇಡಿ," ಎಂದು ಚಿಕ್ಕಮ್ಮ ಅವನ ಕೈ ಹಿಡಿದಳು. "ಹಾಗೇ ಕಾಗದದಲ್ಲಿ ಕಟ್ಟಿಕೊಡಿ. ಒಂದು ಕಮ್ಮಿ ಇದೆ ಅಂದಿದ್ರು, ಕೊಟ್ಟು ಬರ್ತೀನಿ."